ಜಪಾನಿನಲ್ಲಿ ಕುಳಿತು ಬ್ರೆಜಿಲ್ ಓದುವವರು

ಹಮಾಮತ್ಸು, ಜಪಾನ್
ಜೂನ್ 18

ಪ್ರೀತಿಯ ಅಪ್ಪ, ಅಮ್ಮ,

ಇಬ್ಬರಿಗೂ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ಮಳೆ ಹಿಡಿದಿದೆ. ಮೂಡಿಗೆರೆಯ ಮಳೆ ಕಂಡವರಿಗೆ ಇದು ಬರೀ ಸೋನೆ, ಆದರೂ ಬಟ್ಟೆ ಮಾತ್ರ ಒಣಗುತ್ತಿಲ್ಲ.

ಅಪ್ಪ, ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ, ಜಪಾನಿನಲ್ಲಿದ್ದುಕೊಂಡು ಯಾವಾಗಲೂ ಬ್ರೆಜಿಲಿನ ಸುದ್ದಿಯನ್ನೇ ಹೇಳುತ್ತೀಯಲ್ಲ ಎಂದು. ಅದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಕಾಗದ ಬರೆಯಲು ಕುಳಿತೆ.

ನಾವಿರುವ ಹಮಾಮತ್ಸು ಸುಜುಕಿ, ಯಮಹಾ ಕಂಪನಿಗಳ ಊರು. ಜಪಾನಿನ ನಗರಗಳಲ್ಲೆಲ್ಲ ಹೆಚ್ಚು ಬ್ರೆಜಿಲ್ ಜನ ಇರುವುದು ಇಲ್ಲೇ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಜೊತೆಗೆ ಅವರ ಮಗಳು ಮತ್ತು ಮೊಮ್ಮಗ. ಮುಖ ನೋಡಿದರೆ ಅಪ್ಪಟ ಜಪಾನಿ, ಮಾತು, ನಗು, ಅಡುಗೆ ಎಲ್ಲವೂ ಬ್ರೆಜಿಲಿನದು. ಆ ಹುಡುಗ ಕರೆಯುವ ಹಾಗೆ ನಮ್ಮ ಮಗಳೂ ಅವರನ್ನು 'ವೊವೋ' ಎಂದೇ ಕರೆಯುತ್ತಾಳೆ. ಪ್ರತಿ ತಿಂಗಳು ಅವರು ಬ್ರೆಜಿಲಿಯನ್ ದಿನಸಿ ಅಂಗಡಿಯಿಂದ ಬ್ರೆಜಿಲಿನವರ ಮಾತಾದ ಪೋರ್ಚುಗೀಸ್ ಭಾಷೆಯ ಮಾಸಪತ್ರಿಕೆಯೊಂದನ್ನು ತರುತ್ತಾರೆ. ಗಲ್ಲಾದ ಪಕ್ಕದಲ್ಲಿ ಜೋಡಿಸಿಟ್ಟಿರುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಜಾಹೀರಾತಿನಿಂದ ನಡೆಯುವ ಪತ್ರಿಕೆ ಅದು. ಅರ್ಧ ಪುಟಗಳಲ್ಲಿ ಕಾರ್ಖಾನೆಗಳಿಗೆ ಆಳು ಒದಗಿಸುವ ಗುತ್ತಿಗೆದಾರರ ಪ್ರಕಟಣೆ, ಪಿಂಚಣಿ, ತೆರಿಗೆ, ಆರೋಗ್ಯ ವಿಮೆಯ ಮಾಹಿತಿ. ಉಳಿದರ್ಧ ಬ್ರೆಜಿಲಿನ ಹಾಡು, ಹಬ್ಬ, ಅಡುಗೆ, ಊರುಗಳ ಕಥೆ. ನನಗೆ ಆ ಭಾಷೆ ಬರುವುದಿಲ್ಲ. ಅವರು ಓದಿ ಜಪಾನಿಯಲ್ಲಿ ಹೇಳುತ್ತಾರೆ, ನಾನು ಕೇಳುತ್ತೇನೆ. ಹೀಗೇ ಬ್ರೆಜಿಲ್ ನಮ್ಮ ಮನೆಗೆ ಬಂದಿದ್ದು.

ಅದಕ್ಕೂ ಮೊದಲು ನಮಗೆ ಬ್ರೆಜಿಲ್ ಎಂದರೆ ಕಾಫಿ ದರ ಅಷ್ಟೇ ಅಲ್ಲವೇ ಅಪ್ಪ? ಅಲ್ಲಿ ಹಿಮ ಬಿದ್ದು ಗಿಡ ಸುಟ್ಟರೆ ನಮ್ಮೂರಲ್ಲಿ ಬೆಲೆ ಏರುತ್ತದೆ, ಅಲ್ಲಿ ಬಂಪರ್ ಬೆಳೆಯಾದರೆ ನಮ್ಮೂರಲ್ಲಿ ಬೀಳುತ್ತದೆ. 1994ರಲ್ಲಿ ಹಿಮ ಬಿದ್ದು ದರ ಏರಿದಾಗಲೇ ನೀವು ಕಣಕ್ಕೆ ಸಿಮೆಂಟು ಹಾಕಿಸಿದ್ದು. ಆ ಹಿಮ ಬಿದ್ದದ್ದು ಯಾರ ತೋಟದ ಮೇಲೆ ಎಂದು ನಮ್ಮಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಒಂದು ದಿನ ಮೊಮ್ಮಗ ಫುಟ್‌ಬಾಲ್ ಪುಟ ಹುಡುಕುತ್ತ ಹಾಳೆ ಮಗುಚುತ್ತಿದ್ದ. ನಡುವೆ ಒಂದು ಹಳೆಯ ಕಪ್ಪುಬಿಳುಪು ಚಿತ್ರ ಬಂತು. ಕಣ್ಣು ಹಾಯುವಷ್ಟು ದೂರ ಸಾಲುಸಾಲು ಕಾಫಿ ಗಿಡ, ಎಲೆಯೆಲ್ಲ ಸುಟ್ಟು ಮುದುಡಿಹೋಗಿದೆ, ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತ ಒಬ್ಬ ಮನುಷ್ಯ. ಇದೇನು ಬೆಂಕಿಯೇ ಎಂದು ಹುಡುಗ ಕೇಳಿದ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, ಅಲ್ಲ, ಚಳಿ ಎಂದರು. 1975ರ ಜುಲೈನಲ್ಲಿ, ಅಲ್ಲಿಯ ಚಳಿಗಾಲದಲ್ಲಿ, ಪರಾನಾ ರಾಜ್ಯದಲ್ಲಿ ಬಿದ್ದ ಹಿಮ ಅದು. ಅದನ್ನು ಅಲ್ಲಿಯವರು ಇಂದಿಗೂ ಕಪ್ಪು ಹಿಮ ಎನ್ನುತ್ತಾರೆ. ಇವರ ತಂದೆಯ ತೋಟವಿದ್ದದ್ದು ಲೊಂಡ್ರಿನಾದ ಹತ್ತಿರ. ಆಗ ಇವರು ಶಾಲೆಗೆ ಹೋಗುವ ಹುಡುಗಿ. ಬೆಳಿಗ್ಗೆ ಎದ್ದು ನೋಡುವಾಗ ತೋಟ ಹಸಿರಾಗಿಯೇ ಇತ್ತಂತೆ, ಬಿಸಿಲೇರಿದ ಮೇಲೆ ಕಣ್ಣೆದುರೇ ಕಪ್ಪಾಗುತ್ತ ಹೋಯಿತಂತೆ. ಆ ಸೀಮೆಯಲ್ಲಿ ಎಷ್ಟೋ ಜನ ಕಾಫಿ ಬಿಟ್ಟು ಸೋಯಾ ಹಿಡಿದರು, ಇನ್ನೆಷ್ಟೋ ಜನ ಪಟ್ಟಣ ಸೇರಿದರು. ಇವರ ಮನೆಯವರು ಪಟ್ಟಣ ಸೇರಿದವರು. ಅಲ್ಲಿಂದ ಇಲ್ಲಿಯ ಕಾರ್ಖಾನೆಗೆ. ಇಷ್ಟನ್ನೂ ಅವರು ಮೊಮ್ಮಗನಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಆ ಚಿತ್ರ ಮುಂದೆ ಬರದಿದ್ದರೆ ಹೇಳುತ್ತಲೂ ಇರಲಿಲ್ಲವೇನೋ. ನಾನೂ ಕಾಫಿ ಬೆಳೆಗಾರರ ಮಗಳು ಎಂದು ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಇವತ್ತಿನ ತಾರೀಕು ನೋಡಿಯೇ ಈ ಕಾಗದ ಬರೆಯುತ್ತಿದ್ದೇನೆ. 1908ರ ಜೂನ್ 18ರಂದು ಕಸಾತೋ ಮಾರು ಎಂಬ ಹಡಗು 781 ಜಪಾನಿಯರನ್ನು ಹೊತ್ತು ಬ್ರೆಜಿಲಿನ ಸಾಂಟೋಸ್ ಬಂದರು ಮುಟ್ಟಿತು. ಅಲ್ಲಿ 1888ರಲ್ಲಿ ಗುಲಾಮಗಿರಿ ರದ್ದಾಗಿತ್ತು, ಕಾಫಿ ತೋಟಗಳಿಗೆ ಆಳು ಬೇಕಾಗಿತ್ತು. ಹೀಗೆ ಹೋಗಿ ನೆಲೆನಿಂತವರು ಬಲುಬೇಗ ತಮ್ಮದೇ ಜಪಾನಿ ಪತ್ರಿಕೆಗಳನ್ನು ಹೊರಡಿಸಿದರು. 1941ರಲ್ಲಿ ಅಲ್ಲಿಯ ಸರ್ಕಾರ ವಿದೇಶಿ ಭಾಷೆಯ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟಿತು. ಅಪ್ಪ, ಮುಂದಿನದನ್ನು ಕೇಳಿ. 1945ರಲ್ಲಿ ಜಪಾನ್ ಶರಣಾಯಿತು. ಓದಲು ತಮ್ಮ ಭಾಷೆಯ ಒಂದು ಹಾಳೆಯೂ ಇಲ್ಲದ ಆ ಜನರಲ್ಲಿ ಬಹುಪಾಲು ಮಂದಿ ಅದನ್ನು ನಂಬಲೇ ಇಲ್ಲ. ಜಪಾನ್ ಗೆದ್ದಿದೆ ಎಂಬ ಪುಕಾರು ಹಬ್ಬಿತು. ಸೋತಿದ್ದೇವೆ ಎಂದು ನಿಜ ಹೇಳಿದ ತಮ್ಮವರನ್ನೇ ಕೆಲವರು ದ್ರೋಹಿಗಳೆಂದು ಹುಡುಕಿ ಕೊಂದರು. ಸತ್ತವರು ಇಪ್ಪತ್ತಕ್ಕೂ ಹೆಚ್ಚು. 1946ರಲ್ಲಿ ಸಾವೊ ಪಾವ್ಲೊ ಶಿಂಬುನ್ ಎಂಬ ಜಪಾನಿ ಪತ್ರಿಕೆ ಶುರುವಾಯಿತು, ಎಪ್ಪತ್ತು ವರ್ಷಕ್ಕೂ ಹೆಚ್ಚು ನಡೆದು 2019ರ ಆರಂಭದಲ್ಲಿ ನಿಂತಿತು. ಅದು ಮನೆಗೆ ಬಂದ ದಿನ ತಂದೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಾರೆ. ಆ ತಂದೆ ಬ್ರೆಜಿಲಿನಲ್ಲಿ ಕುಳಿತು ಜಪಾನಿ ಪತ್ರಿಕೆಗೆ ಕಾದರು, ಮಗಳು ಜಪಾನಿನಲ್ಲಿ ಕುಳಿತು ಬ್ರೆಜಿಲಿನ ಪತ್ರಿಕೆಗೆ ಕಾಯುತ್ತಿದ್ದಾರೆ.

ಇವರು ಇಲ್ಲಿಗೆ ಬಂದದ್ದು 1990ರ ಕಾನೂನು ತಿದ್ದುಪಡಿಯ ನಂತರ. ಜಪಾನಿ ಮೂಲದವರ ಮೂರನೆಯ ತಲೆಮಾರಿನವರೆಗೂ ಇಲ್ಲಿ ದುಡಿಯಲು ಆಗ ಅವಕಾಶವಾಯಿತು. 2007ರ ಹೊತ್ತಿಗೆ ಬ್ರೆಜಿಲಿನವರು ಮೂರು ಲಕ್ಷ ದಾಟಿದ್ದರು. ಮರುವರ್ಷವೇ ಆರ್ಥಿಕ ಕುಸಿತ. 2009ರಲ್ಲಿ ಸರ್ಕಾರ ಕೆಲಸ ಕಳೆದುಕೊಂಡವರಿಗೆ ತಲಾ ಮೂರು ಲಕ್ಷ ಯೆನ್ ಕೊಟ್ಟು ಊರಿಗೆ ಹೋಗಿ ಎಂದಿತು. ಹೋದವರು ಬಹಳ, ಉಳಿದವರಲ್ಲಿ ಇವರೊಬ್ಬರು. ಆ ವರ್ಷಗಳಲ್ಲಿ ಪತ್ರಿಕೆ ತೆಳ್ಳಗಾದರೂ ನಿಲ್ಲಲಿಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ಅಭಿಮಾನ ಇರುತ್ತದೆ.

ಅಮ್ಮ, ನಿನಗೆ ಈ ತಿಂಗಳ ಅಡುಗೆ ಪುಟದ ಸುದ್ದಿ ಹೇಳಲೇಬೇಕು. ಬಾಹಿಯಾ ರಾಜ್ಯದ ಸಾಲ್ವಡೋರ್ ಪಟ್ಟಣದ ಬೀದಿಗಳಲ್ಲಿ ಬಿಳಿ ಲಂಗ, ತಲೆಗೆ ಬಿಳಿ ವಸ್ತ್ರ, ಕೊರಳ ತುಂಬ ಮಣಿಸರ ಹಾಕಿಕೊಂಡ ಹೆಂಗಸರು ಅಕರಜೆ ಎಂಬ ತಿಂಡಿ ಕರಿದು ಮಾರುತ್ತಾರೆ. ಅದು ನಮ್ಮ ಅಲಸಂದೆ ವಡೆಯೇ ಕಣಮ್ಮ! ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಉಪ್ಪು ಸೇರಿಸಿ ರುಬ್ಬಿ, ಚೆನ್ನಾಗಿ ಕಲಸಿ ಹಗುರ ಮಾಡಿ, ಕೆಂಪು ತಾಳೆಯೆಣ್ಣೆಯಲ್ಲಿ ಕರಿಯುವುದು. ಆಮೇಲೆ ಹೊಟ್ಟೆ ಸೀಳಿ ಒಣಸಿಗಡಿ ತುಂಬುತ್ತಾರೆ, ಅದನ್ನು ನೀನು ಬಿಟ್ಟುಬಿಡು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹಡಗು ಹತ್ತಿಸಿ ತಂದವರ ಅಡುಗೆ ಅದು, ಅವರ ದೇವತೆಗೆ ನೈವೇದ್ಯವೂ ಹೌದು. 2005ರಲ್ಲಿ ಆ ಹೆಂಗಸರ ಕಸುಬನ್ನು ಬ್ರೆಜಿಲ್ ಸರ್ಕಾರ ರಾಷ್ಟ್ರೀಯ ಪರಂಪರೆ ಎಂದು ದಾಖಲಿಸಿತು.

ಕೆಳಗಿನ ಮನೆಯ ಅಜ್ಜಿ ಜೀವಮಾನದಲ್ಲಿ ಬಾಹಿಯಾ ಕಂಡವರಲ್ಲ. ಅವರ ಊರಿನಿಂದ ಅದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಅಕರಜೆಯ ರುಚಿ ಮೊದಲು ನೋಡಿದ್ದು ಹಮಾಮತ್ಸುವಿನಲ್ಲಿ, ಈ ಪತ್ರಿಕೆ ನೋಡಿ ತಾವೇ ಮಾಡಿಕೊಂಡು. ನನಗೆ ಮನಸ್ಸಿಗೆ ನಾಟಿದ್ದು ಇದೇ. ಊರಿನಲ್ಲಿದ್ದಾಗ ಅವರು ಪರಾನಾದವರು, ಇಲ್ಲಿಗೆ ಬಂದ ಮೇಲೆ ಇಡೀ ಬ್ರೆಜಿಲಿನವರು. ಕಾರ್ಖಾನೆಯಲ್ಲಿ ಯಾರು ಕೇಳಿದರೂ ಫುಟ್‌ಬಾಲ್, ಕಾರ್ನಿವಲ್ ಎರಡೇ ಮಾತು. ಆ ಎರಡರಾಚೆಗೆ ತಮ್ಮ ದೇಶ ಎಷ್ಟು ದೊಡ್ಡದು ಎಂದು ಅವರಿಗೇ ತಿಳಿಸಿಕೊಟ್ಟದ್ದು ಈ ಹಾಳೆಗಳು. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆಯಲ್ಲ ಎಂದು ನಿಮ್ಮ ಅಳಿಯ ವಾದಿಸುತ್ತಾರೆ. ಸಿಗುತ್ತದೆ, ಹುಡುಕಿದವರಿಗೆ. ಆ ಹುಡುಗ 1975ರ ಹಿಮವನ್ನು ಯಾಕೆ ಹುಡುಕುತ್ತಾನೆ?

ಇದೆಲ್ಲ ನೋಡಿದ ಮೇಲೆ ನನಗೆ ಒಂದು ಆಸೆ ಹುಟ್ಟಿದೆ. ನಮ್ಮ ಮಗಳು ಈಗ ಕನ್ನಡ ಅಕ್ಷರ ಕೂಡಿಸಿ ಓದುತ್ತಾಳೆ. ನಾನು ಹೇಳುವ ಕರ್ನಾಟಕ ಎಂದರೆ ನಮ್ಮ ತೋಟ, ನಮ್ಮ ಮನೆ, ನಮ್ಮ ನೀರುದೋಸೆ ಅಷ್ಟೇ. ಬೀದರಿನ ಕೋಟೆ, ಬಾದಾಮಿಯ ಬನಶಂಕರಿ ಜಾತ್ರೆ ಇವನ್ನೆಲ್ಲ ನಾನೇ ನೋಡಿಲ್ಲ, ಅವಳಿಗೆ ಏನು ಹೇಳಲಿ? ನೀವು ಓದಿ ಅಟ್ಟಕ್ಕೆ ಹಾಕುವ ಮಯೂರ, ತುಷಾರ, ಸುಧಾ ಇವುಗಳನ್ನು ರದ್ದಿಗೆ ಕೊಡಬೇಡಿ. ಆಗಸ್ಟಿನಲ್ಲಿ ಚಿಕ್ಕಪ್ಪನ ಮಗ ಟೋಕಿಯೋಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಕಳುಹಿಸಿ. ಹಳೆಯದಾದರೂ ಪರವಾಗಿಲ್ಲ. ಚಿತ್ರಗಳಿರುವ ಸಂಚಿಕೆಗಳನ್ನು ಮೊದಲು ಆರಿಸಿ. ಉಪ್ಪಿನಕಾಯಿ ಕಡಿಮೆ ಮಾಡಿದರೂ ಸರಿ, ಅಮ್ಮ, ಪೆಟ್ಟಿಗೆಯಲ್ಲಿ ಅವಕ್ಕೆ ಜಾಗ ಮಾಡು.

ಅಪ್ಪ, ಕೆಳಗಿನ ಮನೆಯ ಅಜ್ಜಿ ನಮ್ಮ ತೋಟದ ಫೋಟೋ ಕೇಳಿದ್ದಾರೆ. ನೆರಳಿನಲ್ಲಿ ಕಾಫಿ ಬೆಳೆಯುತ್ತೀರಾ, ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬಿಸುತ್ತೀರಾ ಎಂದು ಅವರಿಗೆ ಆಶ್ಚರ್ಯ. ಅವರ ತಂದೆಯ ತೋಟದಲ್ಲಿ ಒಂದು ಮರವೂ ಇರಲಿಲ್ಲವಂತೆ, ಬಿಸಿಲಿನ ಬಯಲು. ಮಳೆ ಬಿಡುವು ಕೊಟ್ಟಾಗ ಮೇಲಿನ ಗೇಟಿನ ಹತ್ತಿರ ನಿಂತು ಒಂದೆರಡು ತೆಗೆದು ಕಳುಹಿಸಿ. ನೀವೂ ಅದರಲ್ಲಿ ಇರಿ.

ಇಂತಿ ನಿಮ್ಮ ಪ್ರೀತಿಯ ಮಗಳು