ಪ್ರಾಜೆಕ್ಟ್ ಕೋಡಿಗೂ ತಪಾಸಣೆ ಬೇಕು

ಮಾನ್ಯ ಸಂಪಾದಕರೇ,

ಮಂಡ್ಯದ ಕಾಲೇಜೊಂದಕ್ಕೆ ಕೊನೆಯ ವರ್ಷದ ಪ್ರಾಜೆಕ್ಟ್ ನೋಡಲು ಹೋಗಿದ್ದೆ. ಹಾಲಿನ ಡೇರಿ ಲೆಕ್ಕದ ಆ್ಯಪ್, ಪೈಥಾನ್‌ನಲ್ಲಿ ಬರೆದದ್ದು. ಕೋಡ್ ತೆರೆದರೆ ಡೇಟಾಬೇಸ್ ಪಾಸ್‌ವರ್ಡ್ ರಾಜಾರೋಷವಾಗಿ ಕೂತಿದೆ! ಸದಸ್ಯರ ಸಂಖ್ಯೆ ಅಂತ ಏನೇ ಟೈಪ್ ಮಾಡಿದರೂ ಅದು ನೇರವಾಗಿ ಡೇಟಾಬೇಸಿಗೆ ಆದೇಶ ಕೊಡುವ ಎಸ್‌ಕ್ಯೂಎಲ್ ಸಾಲಿಗೆ ಸೇರಿಕೊಳ್ಳುತ್ತದೆ. ಕಿಡಿಗೇಡಿಯೊಬ್ಬ ಅಲ್ಲಿ ತನ್ನದೇ ಆದೇಶ ಬರೆದರೆ ಎಲ್ಲರ ಖಾತೆಯೂ ಬಯಲು, ಅಲ್ವಾ?

ಪ್ರೋಗ್ರಾಂ ಓಡಿಸದೆಯೇ ಇಂಥದ್ದನ್ನು ಹಿಡಿಯುವ ಬ್ಯಾಂಡಿಟ್, ಸೆಮ್‌ಗ್ರೆಪ್ ಎಂಬ ತಪಾಸಣಾ ಸಾಧನಗಳು ಪುಕ್ಕಟೆ ಸಿಗುತ್ತವೆ. ಸುಳ್ಳು ಎಚ್ಚರಿಕೆಯೂ ಜಾಸ್ತಿ, ನಿಜ. ಆದರೆ ಆಪಲ್‌ನ ಕೋಡಿನಲ್ಲಿ ‘ಗೋಟೂ ಫೇಲ್’ (ಮುಂದಿನದನ್ನು ಬಿಟ್ಟು ಕೊನೆಗೆ ಜಿಗಿ) ಎಂಬ ಸಾಲು ಎರಡು ಸಲ ಬಿದ್ದು, ಸುರಕ್ಷಿತ ಸಂಪರ್ಕದ ಸಹಿ ಪರೀಕ್ಷೆಯೇ ತಪ್ಪಿಹೋಗಿದ್ದು 2014ರಲ್ಲಿ ಬಯಲಾಯಿತು. ಆ ಸಾಲಿನ ಕೆಳಗಿನ ಕೋಡ್ ಓಡುವುದೇ ಇಲ್ಲ ಅಂತ ಇಂಥ ತಪಾಸಣೆ ಹೇಳಬಲ್ಲದು.

ವರದಿಗೆ ಚಿನ್ನದ ಅಕ್ಷರದ ಬೈಂಡಿಂಗ್ ಕೇಳುವ ಕಾಲೇಜುಗಳು ಇದಕ್ಕೂ ಅಂಕ ಇಡಲಿ.

— ನಿವೃತ್ತ ಪ್ರೋಗ್ರಾಮರ್, ಸರಸ್ವತಿಪುರಂ, ಮೈಸೂರು