ಸುಮಾಗೆ, ಅನು ವಿಷಯವಾಗಿ

ಹೈ ಸ್ಪ್ರಿಂಗ್ಸ್, ಫ್ಲಾರಿಡಾ
ಭಾನುವಾರ

ಚಿ. ಸೌ. ಸುಮಾಗೆ ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮಂಡಿನೋವು ಹೇಗಿದೆ? ಕೊನೆಕೊಯ್ಲು ಶುರುವಾಯ್ತಾ?

ನಿನ್ನ ಕಾಗದ ಎರಡು ಸಲ ಓದಿದೆ. ನಾಲ್ಕು ಪುಟ ಬರೆದಿದ್ದೀಯ, ಒಳಗಿರುವುದು ಒಂದೇ ಸಂಕಟ. ಅನು ನೇತ್ರಾಣಿಯಲ್ಲಿ ಡೈವಿಂಗ್ ಕಲಿತದ್ದು ಸಾಲದೆ ಈಗ ನೀರು ತುಂಬಿದ ಗುಹೆಗೆ ಇಳಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕುಮಟೆಯ ಗಂಡಿನ ಕಡೆಯವರು "ಹೆಂಗಸರು ಯಾರಾದ್ರೂ ಇಂಥದ್ದು ಮಾಡ್ತಾರಾ?" ಅಂತ ಕೇಳಿದಾಗ ನಿನಗೆ ಉತ್ತರ ಹೊಳೆಯಲಿಲ್ಲ. ಉತ್ತರ ನಾನು ಕೊಡುತ್ತೇನೆ. ಅವರಿಗೂ ಓದಿ ಹೇಳು.

ಮಾಡ್ತಾರೆ ಸುಮಾ, ನಮ್ಮಜ್ಜಿಯ ಕಾಲದಿಂದಲೂ. 1935ರಲ್ಲಿ ಇಂಗ್ಲೆಂಡಿನ ವೂಕಿ ಹೋಲ್ ಗುಹೆಯಲ್ಲಿ ಮೊದಮೊದಲು ಇಳಿದ ತಂಡದಲ್ಲೇ ಪೆನೆಲೊಪೆ ಪವೆಲ್ ಎಂಬ ಹೆಂಗಸು ಇದ್ದಳು. ತಲೆಗೆ ಲೋಹದ ಹೆಲ್ಮೆಟ್, ಕಾಲಿಗೆ ಸೀಸದ ಬೂಟು, ಉಸಿರಿಗೆ ದಡದಿಂದ ಪೈಪಿನಲ್ಲಿ ಪಂಪ್ ಮಾಡುವ ಗಾಳಿ. ಅಷ್ಟನ್ನು ಹೊತ್ತು ಗುಹೆಯ ತಳದಲ್ಲಿ ನಡೆದುಕೊಂಡೇ ಹೋಗಬೇಕಿತ್ತು.

ಅನು ಹೇಳುವ ಜಿಲ್ ಹೈನರ್ತ್ ಕೆನಡಾದವರು. ನಾನಿರುವ ಇದೇ ಸೀಮೆಯ ಬುಗ್ಗೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಟ್ಯಾಲಹಾಸಿ ಹತ್ತಿರ ವಕಲ್ಲಾ ಬುಗ್ಗೆಯ ಕೆಳಗೆ 90 ಮೀಟರ್ ಆಸುಪಾಸಿನ ಆಳದಲ್ಲಿ ಸುರಂಗಗಳಿವೆ. 1998-99ರಲ್ಲಿ ಅವುಗಳ ಮೂರು ಆಯಾಮದ ನಕ್ಷೆ ತಯಾರಿಸಿದ ತಂಡದಲ್ಲಿ ಅವರಿದ್ದರು. 2001ರಲ್ಲಿ ಅಂಟಾರ್ಕ್ಟಿಕಾದ ಬಿ-15 ಹಿಮಗಡ್ಡೆಯ ಒಳಗಿನ ಗುಹೆಗೂ ಇಳಿದರು. ವಕಲ್ಲಾ ಕೆಲಸದಲ್ಲಿದ್ದ ಇನ್ನೊಬ್ಬರು ಬಾರ್ಬರಾ ಆಮ್ ಎಂಡೆ, ಭೂವಿಜ್ಞಾನಿ. 1994ರಲ್ಲಿ ಮೆಕ್ಸಿಕೋದ ಹುವಾಟ್ಲಾ ಗುಹೆಯಲ್ಲಿ ನೀರು ತುಂಬಿದ ಭಾಗವನ್ನು ದಾಟಿ, ಆಚೆಗೆ ಯಾರೂ ಕಾಣದ ಜಾಗ ಮುಟ್ಟಿದ ಇಬ್ಬರಲ್ಲಿ ಅವರೊಬ್ಬರು.

ಆಳದ ದಾಖಲೆ ಬೇಕು ಅನ್ನುವವರಿಗೆ ಅದೂ ಇದೆ. ಟೆಕ್ಸಸ್‌ನ ಡಾ. ಆನ್ ಕ್ರಿಸ್ಟೋವಿಚ್ 1993ರಲ್ಲಿ ಮೆಕ್ಸಿಕೋದ ಸಕಾತೋನ್ ಎಂಬ ನೀರು ತುಂಬಿದ ಕುಳಿಯಲ್ಲಿ 169 ಮೀಟರ್ ಇಳಿದರು. ದಕ್ಷಿಣ ಆಫ್ರಿಕಾದ ಬೂಸ್ಮನ್ಸ್‌ಗಾಟ್‌ನಲ್ಲಿ ವರ್ನಾ ವಾನ್ ಸ್ಕೈಕ್ 2004ರಲ್ಲಿ 221 ಮೀಟರ್ ಮುಟ್ಟಿದರು. ಅದೇ ಕುಳಿಯಲ್ಲಿ 2022ರಲ್ಲಿ ಕರೆನ್ ವಾನ್ ಡೆನ್ ಊವರ್ 246 ಮೀಟರ್ ದಾಟಿದರು. ಆದರೂ ಅನು ಕಣ್ಣಿಗೆ ಈ ಅಂಕಿಗಳು ಮೊದಲು ಬೀಳಬಾರದು. ವರ್ನಾ ದಾಖಲೆ ಮಾಡಿದ ಮೂರನೇ ತಿಂಗಳಿಗೆ, 2005ರ ಜನವರಿಯಲ್ಲಿ, ಅಲ್ಲೇ ಒಂದು ಶವ ಮೇಲೆತ್ತುವ ಕೆಲಸ ನಡೆಯಿತು. ಆಗ ಅವರು ನೀರಿಗಿಳಿಯದೆ ದಡದಲ್ಲಿ ನಿಂತು ಇಡೀ ತಂಡದ ಉಸ್ತುವಾರಿ ನೋಡಿಕೊಂಡರು. ಅವತ್ತು ಕೆಳಗೆ ಹೋದ ಡೇವ್ ಶಾ ಬದುಕಿ ಬರಲಿಲ್ಲ. ಅಂಥ ಹೊತ್ತಿನಲ್ಲಿ ದಡದ ಜವಾಬ್ದಾರಿ ಹೊರುವುದನ್ನು ನಾನು 221 ಮೀಟರಿಗಿಂತ ದೊಡ್ಡದು ಅಂತ ಎಣಿಸುತ್ತೇನೆ.

ನಿನ್ನಿಂದ ಮುಚ್ಚಿಡುವುದಿಲ್ಲ, ಹೆಂಗಸರೂ ಸತ್ತಿದ್ದಾರೆ. ಆಸ್ಟ್ರೇಲಿಯಾದ ಆಗ್ನೆಸ್ ಮಿಲೋವ್ಕಾ ತುಂಬ ಸಮರ್ಥೆ, ಸಣ್ಣ ಸಂದುಗಳಲ್ಲಿ ನುಸುಳಿ ಎಷ್ಟೋ ಹೊಸ ದಾರಿ ಕಂಡುಹಿಡಿದವಳು. 2011ರ ಫೆಬ್ರವರಿಯಲ್ಲಿ ಟ್ಯಾಂಕ್ ಕೇವ್‌ನಲ್ಲಿ ಜೊತೆಗಾರನಿಂದ ಬೇರೆಯಾಗಿ ಇಕ್ಕಟ್ಟಾದ ಕಡೆ ಹೋದಾಗ ಗಾಳಿ ಮುಗಿದು ತೀರಿಕೊಂಡಳು. ಆಗ ಅವಳಿಗೆ 29 ವರ್ಷ. ಅನು ಜಿಲ್ ಬಗ್ಗೆ ಓದಿದಷ್ಟೇ ಗಮನ ಕೊಟ್ಟು ಇವಳ ಬಗ್ಗೆಯೂ ಓದಬೇಕು.

ಅಪಾಯ ಎಲ್ಲಿದೆ ಅಂತ ತಿಳಿದರೆ ನಿನ್ನ ಹೆದರಿಕೆಗೆ ಒಂದು ಲೆಕ್ಕ ಸಿಗುತ್ತದೆ. ಸಮುದ್ರದಲ್ಲಿ ತೊಂದರೆಯಾದರೆ ಮೇಲೆ ಬರಬಹುದು. ಗುಹೆಯಲ್ಲಿ ಮೇಲೆ ಬಂಡೆ, ಹೋದ ದಾರಿಯಲ್ಲೇ ವಾಪಸು ಬರಬೇಕು. ಅದಕ್ಕೇ ಗಾಳಿಯನ್ನು ಮೂರು ಪಾಲು ಮಾಡುತ್ತಾರೆ: ಹೋಗಲು ಒಂದು, ಬರಲು ಒಂದು, ಜೊತೆಗಾರನಿಗಾಗಿ ಒಂದು. ಸಿಲಿಂಡರಿನಲ್ಲಿ 210 ಬಾರ್ ಒತ್ತಡದ ಗಾಳಿ ಇದ್ದರೆ 140ಕ್ಕೆ ಇಳಿದ ತಕ್ಷಣ ತಿರುಗಬೇಕು. ತೀರ ಒಳಗೆ ಹೋದಾಗ ಒಬ್ಬರ ಗಾಳಿ ಪೂರ್ತಿ ಹೋಯಿತು ಅಂತ ಇಟ್ಟುಕೋ. ಇನ್ನೊಬ್ಬರ ಹತ್ತಿರ ಉಳಿದ ಎರಡು ಪಾಲು ಇಬ್ಬರನ್ನೂ ಹೊರಗೆ ತರಲು ಸರಿಯಾಗುತ್ತದೆ, ಒಂದು ಗುಟುಕೂ ಮಿಗುವುದಿಲ್ಲ. ಗಾಬರಿಯಾದರೆ ಉಸಿರಾಟ ಎರಡು ಪಟ್ಟಾಗುತ್ತದೆ, ಆಗ ಅದೂ ಸಾಲದು. ಆದ್ದರಿಂದಲೇ ಹೊಸಬರಿಗೆ ಆರನೇ ಒಂದು ಪಾಲಿನ ಮಿತಿ.

ಇದರಲ್ಲಿ ಹೆಂಗಸರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. ನಮ್ಮಲ್ಲಿ ಅನೇಕರಿಗೆ ಗಾಳಿ ಕಡಿಮೆ ಸಾಕು, ಹಾಗಾಗಿ ಸಣ್ಣ ಸಿಲಿಂಡರ್ ಒಯ್ಯುತ್ತೇವೆ. ಅನು ಹತ್ತಿರ 11 ಲೀಟರಿನವು ಎರಡು ಇವೆ ಅಂತ ಇಟ್ಟುಕೋ, 210 ಬಾರ್ ಅಂದರೆ 4620 ಲೀಟರ್ ಗಾಳಿ. ಅವಳ ಮೂರನೇ ಒಂದು ಪಾಲು 1540 ಲೀಟರ್. ಜೊತೆಗಿರುವ ದೊಡ್ಡಾಳಿನ ಹತ್ತಿರ 16 ಲೀಟರಿನವು ಎರಡು, ಅವನ ಪಾಲು 2240. ಅವನು ತನ್ನ ಪಾಲಿನ ಕೊನೆಯವರೆಗೆ ಹೋಗಿ ಅಲ್ಲಿ ಗಾಳಿ ಕಳೆದುಕೊಂಡರೆ ಅನುವಿನ ಉಳಿಕೆ ಅವನನ್ನು ಹೊರಗೆ ತರುವುದಿಲ್ಲ, ಇಬ್ಬರೂ ಹೋಗುತ್ತಾರೆ. ಪಾಲನ್ನು ಬಾರ್‌ನಲ್ಲಿ ನೋಡದೆ ಲೀಟರಿನಲ್ಲಿ ಹೊಂದಿಸಬೇಕು, ಚಿಕ್ಕ ಪಾಲೇ ಇಬ್ಬರಿಗೂ ಮಿತಿ. ಅವನು 162 ಬಾರ್‌ಗೇ ತಿರುಗಬೇಕು. "ನಿನ್ನಿಂದ ನನ್ನ ಡೈವ್ ಚಿಕ್ಕದಾಯ್ತು" ಅನ್ನುವ ಜೊತೆಗಾರ ಅವಳಿಗೆ ಬೇಡ.

ಎರಡನೆಯದು ದಾರ. ಹೊರಗಿನ ತೆರೆದ ನೀರಿನಲ್ಲಿ ಒಂದು ಕಟ್ಟು, ಬಾಯಿಯ ಒಳಗೆ ಇನ್ನೊಂದು ಕಟ್ಟು, ಅಲ್ಲಿಂದ ಎಲ್ಲೂ ತುಂಡಾಗದ ನೈಲಾನ್ ದಾರ. ಅದರ ಮೇಲೆ ಬಾಣದಾಕಾರದ ಪ್ಲಾಸ್ಟಿಕ್ ತುಂಡು ಸಿಕ್ಕಿಸಿರುತ್ತಾರೆ, ತುದಿ ಹತ್ತಿರದ ಹೊರದಾರಿಯ ಕಡೆಗೆ. ತಳದ ಸಣ್ಣ ಮಣ್ಣಿಗೆ ಕಾಲಿನ ರೆಕ್ಕೆ ಒಮ್ಮೆ ತಗುಲಿದರೆ ಸಾಕು, ಗಾಜಿನಂಥ ನೀರು ಕ್ಷಣದಲ್ಲಿ ಮಳೆಗಾಲದ ಶಾಲ್ಮಲೆ ಹೊಳೆಯಾಗುತ್ತದೆ. ಕೈಯಲ್ಲಿರುವ ಟಾರ್ಚು ಮುಖದ ಮುಂದೆ ಹಿಡಿದರೂ ಕಾಣುವುದಿಲ್ಲ. ಆಗ ಹೆಬ್ಬೆರಳು ತೋರುಬೆರಳನ್ನು ದಾರದ ಸುತ್ತ ಉಂಗುರ ಮಾಡಿ, ಬಾಣದ ತುದಿಯನ್ನು ಬೆರಳಲ್ಲೇ ಗುರುತಿಸಿ ಬರಬೇಕು. ಕೋರ್ಸಿನಲ್ಲಿ ಮಾಸ್ಕಿಗೆ ಕಪ್ಪು ಬಟ್ಟೆ ಹಾಕಿ, ಜೊತೆಗಾರನ ಏಳಡಿ ಉದ್ದದ ಹೋಸಿನಿಂದ ಉಸಿರಾಡುತ್ತ ಇದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಹೋಸು ಅಷ್ಟುದ್ದ ಇರುವುದು ಇಕ್ಕಟ್ಟಿನಲ್ಲಿ ಒಬ್ಬರ ಹಿಂದೊಬ್ಬರು ಬರಲು. ದೀಪ ಮೂರು ಇರಲೇಬೇಕು. ಎರಡೇ ಉಳಿದರೆ ಅಲ್ಲಿಂದಲೇ ವಾಪಸು.

ಬೇರೆ ಬೇರೆ ಗಾಳಿ ಮಿಶ್ರಣ ಒಯ್ಯುವ ಟೆಕ್ನಿಕಲ್ ಡೈವಿಂಗಿನಲ್ಲಿ ಜೀವ ತೆಗೆಯುವ ಇನ್ನೊಂದು ತಪ್ಪು ಸಿಲಿಂಡರ್ ಅದಲುಬದಲಾಗುವುದು. ಶುದ್ಧ ಆಮ್ಲಜನಕಕ್ಕೆ 6 ಮೀಟರೇ ಗಡಿ. ಅದನ್ನು 30 ಮೀಟರಿನಲ್ಲಿ ಬಾಯಿಗಿಟ್ಟರೆ ಫಿಟ್ಸ್ ಬರಬಹುದು, ಬಾಯಿಂದ ಉಸಿರಾಟದ ರೆಗ್ಯುಲೇಟರ್ ಬಿದ್ದರೆ ಮುಗಿಯಿತು. ತುಂಬಿಸಿದವರು ಎಷ್ಟೇ ನಂಬಿಕಸ್ಥರಾದರೂ ತನ್ನ ಸಿಲಿಂಡರನ್ನು ತಾನೇ ಆಮ್ಲಜನಕದ ಮೀಟರ್ ಹಿಡಿದು ಅಳೆದು, ಅದನ್ನು ಎಷ್ಟು ಆಳದವರೆಗೆ ಬಳಸಬಹುದು ಅಂತ ಟೇಪಿನ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕು.

ಇದು ನಿನಗೆ ಮಾತ್ರ, ಗಂಡಿನ ಕಡೆಯವರಿಗೆ ಓದಬೇಡ. ನೀರು ಒಳಗೆ ಬರದ ಡ್ರೈಸೂಟ್ ಹಾಕಿ ನಾಲ್ಕೈದು ಗಂಟೆ ನೀರಲ್ಲಿದ್ದರೆ ಮೂತ್ರಕ್ಕೆ ಏನು ಮಾಡುವುದು? ಗಂಡಸರಿಗೆ ಸುಲಭದ ವ್ಯವಸ್ಥೆ ಮೊದಲಿಂದಲೂ ಇತ್ತು. ಹೆಂಗಸರು ಡೈಪರ್ ಕಟ್ಟುತ್ತಿದ್ದರು, ಇಲ್ಲವೇ ಹಿಂದಿನ ದಿನದಿಂದ ನೀರು ಕುಡಿಯುತ್ತಿರಲಿಲ್ಲ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಬೆಂಡ್ಸ್, ಅಂದರೆ ಮೇಲೆ ಬರುವಾಗ ಮೈಯೊಳಗೆ ಗಾಳಿಗುಳ್ಳೆ ಏಳುವ ಕಾಯಿಲೆ, ಆಗುವ ಸಂಭವ ಹೆಚ್ಚು. ನೆದರ್ಲೆಂಡ್ಸ್‌ನ ಹೆಲೀನ್ ಗ್ರೌ ಎಂಬ ಡೈವರ್ ಹೆಂಗಸರ ಮೈಗೆ ಹೊಂದುವ ಶೀ-ಪಿ ಎಂಬ ಸಾಧನ ಮಾಡಿದ ಮೇಲೆ ಈ ಕಷ್ಟ ತಪ್ಪಿತು. ನನ್ನ ಲೆಕ್ಕದಲ್ಲಿ ಆ ಪುಣ್ಯಾತ್ಗಿತ್ತಿಯೂ ದಾಖಲೆಯವರ ಸಾಲಿನವಳೇ. ಮುಟ್ಟಾದಾಗ ಇಳಿಯಬಹುದಾ ಅಂತ ಕೇಳಿದ್ದೀಯ, ಇಳಿಯಬಹುದು. ಗರ್ಭಿಣಿಯಾದರೆ ಮಾತ್ರ ಡೈವಿಂಗ್ ಪೂರ್ತಿ ಬಂದ್.

ಭಾರ ಎತ್ತಲಾರಳು ಅನ್ನುವ ಚಿಂತೆ ಬಿಡು. ಸೈಡ್‌ಮೌಂಟ್ ಪದ್ಧತಿಯಲ್ಲಿ ಸಿಲಿಂಡರನ್ನು ಒಂದೊಂದಾಗಿ ನೀರಿಗೆ ಒಯ್ದು ಅಲ್ಲೇ ಪಕ್ಕೆಗೆ ಸಿಕ್ಕಿಸಿಕೊಳ್ಳಬಹುದು.

ಇಲ್ಲಿಯ ಬುಗ್ಗೆಗಳನ್ನು ನೀನು ನೋಡಬೇಕಿತ್ತು. ಸಾಂಟಾ ಫೆ ನದಿ ಹಾಲಿಲ್ಲದ ಚಹದ ಬಣ್ಣ. ಜಿನ್ನಿ ಸ್ಪ್ರಿಂಗ್ಸ್‌ನಲ್ಲಿ ಗುಹೆಯ ನೀರು ಅದರ ಬುಡದಿಂದ ಉಕ್ಕುವ ಕಡೆ ಮಾತ್ರ ಸ್ಫಟಿಕ. ವರ್ಷವಿಡೀ 22 ಡಿಗ್ರಿ, ಚಳಿಗಾಲಕ್ಕೂ ಬದಲಾಗದು. ಗುಹೆಯ ಬಾಯಲ್ಲಿ ನೀರಿನ ಒಳಗೇ ಯಮನ ಚಿತ್ರದ ಬೋರ್ಡು ನಿಲ್ಲಿಸಿದ್ದಾರೆ, ತರಬೇತಿ ಇಲ್ಲದವರು ಇಲ್ಲಿಂದ ಮುಂದೆ ಹೋಗಬೇಡಿ ಅಂತ. ಇಷ್ಟು ನೇರವಾಗಿ ಎಚ್ಚರಿಸುವುದು ನನಗೆ ಹಿಡಿಸಿದೆ.

ಅನುಗೆ ಹೇಳು: ಈ ಡಿಸೆಂಬರಿಗೆ ಬರುವುದು ಬೇಡ. ಅವಳದಿನ್ನೂ 24 ಡೈವ್. ಮೊದಲು ಮೈಯನ್ನು ಮಟ್ಟಸವಾಗಿಟ್ಟು, ಮಣ್ಣು ಏಳದಂತೆ ಕಪ್ಪೆಯ ಹಾಗೆ ಕಾಲಾಡಿಸಿ, ಒಂದೇ ಆಳದಲ್ಲಿ ಹತ್ತು ನಿಮಿಷ ನಿಂತು ಕೆಲಸ ಮಾಡುವುದು ಬರಲಿ. ಆಮೇಲೆ ಹಗಲ ಬೆಳಕು ಕಾಣುವಷ್ಟೇ ದೂರದ ಕ್ಯಾವರ್ನ್ ಕೋರ್ಸು, ಆಮೇಲೆ ಇಂಟ್ರೋ, ಕಡೆಗೆ ಫುಲ್ ಕೇವ್. ನಡುನಡುವೆ ತಿಂಗಳುಗಳ ಅಭ್ಯಾಸ. ಒಂದೇ ವಾರದಲ್ಲಿ ಎಲ್ಲ ಮುಗಿಸಿಕೊಡುತ್ತೇನೆ ಅನ್ನುವ ಗುರುವಿನ ಹತ್ತಿರ ಹೋಗಕೂಡದು. "ನೀವು ಕಡೆಯ ಸಲ ಡೈವ್ ಅರ್ಧಕ್ಕೆ ಬಿಟ್ಟು ತಿರುಗಿದ್ದು ಯಾವಾಗ, ಯಾಕೆ?" ಅಂತ ಅವಳು ಕೇಳಲಿ. ಉತ್ತರ ತಡವರಿಸಿದರೆ ಬೇರೆ ಗುರು ನೋಡಲಿ.

ಗಂಡಿನ ಕಡೆಯವರಿಂದ ಏನೂ ಬಚ್ಚಿಡಬೇಡ. ಮದುವೆಯ ನಂತರ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ. ಹುಡುಗನಿಗೆ ಏನಾದರೂ ಕೇಳುವುದಿದ್ದರೆ ನನಗೇ ಫೋನ್ ಮಾಡಲಿ, ರಾತ್ರಿ ಎಂಟರ ಮೇಲೆ ಮಾಡಿದರೆ ನನಗಿಲ್ಲಿ ಬೆಳಿಗ್ಗೆ. ನೀನು ಊಟ ಬಿಡಬೇಡ, ರಾತ್ರಿ ನಿದ್ದೆಗೆಟ್ಟು ಯೋಚಿಸಬೇಡ. ಅವಳು ಹುಷಾರಿ, ನಾನಿದ್ದೇನೆ, ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಸುಮಾ.

ಊರಿಗೆ ಹೊರಟವರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಕಾಗದ ಅವರ ಕೈಲೇ ಕೊಡುತ್ತಿದ್ದೇನೆ. ಅತ್ತೆಗೆ ಮುಲಾಮು ಇಟ್ಟಿದ್ದೇನೆ, ದಿನಕ್ಕೆ ಎರಡು ಸಲ. ಅನು ತನ್ನ ಲಾಗ್‌ಬುಕ್‌ನ ಫೋಟೋ ಕಳಿಸಲಿ, ಎಲ್ಲ ಪುಟಗಳದ್ದೂ.

ನಿನ್ನ
ಅಕ್ಕ