ಗೆಳೆಯನಿಗೊಂದು ಪತ್ರ: ಬಕೆಟ್ ಪುರಾಣ

ಲೋ ಮಗಾ,

ವಾಟ್ಸಾಪಲ್ಲಿ ಕಳಿಸಿದ್ರೆ ನೀನು ಓದಲ್ಲ, ಬ್ಲೂ ಟಿಕ್ ಆಫ್ ಮಾಡ್ಕೊಂಡು ಕೂತಿರೋ ಮಹಾನುಭಾವ, ಅದಕ್ಕೆ ಇಲ್ಲೇ ಎಲ್ಲರೆದುರಿಗೆ ಬರೀತಿದೀನಿ. ಬೇರೆಯವ್ರೂ ಓದ್ಕೊಳ್ಳಿ, ಪರವಾಗಿಲ್ಲ, ಮೂರನೇ ಪಾಯಸದ ವಿಷ್ಯ ಮಾತ್ರ ಯಾರೂ ಕೇಳ್ಬೇಡಿ.

ವಿಷ್ಯ ಏನಪ್ಪಾ ಅಂದ್ರೆ ಬಾಳೆಗೊನೆ. ನಗ್ಬೇಡ, ಕೇಳು. ಇಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅನಾಹೈಮ್‌ನ ಡಿಸ್ನಿಲ್ಯಾಂಡಲ್ಲಿ ಮ್ಯಾಟರ್‌ಹಾರ್ನ್ ಅಂತ ಸ್ವಿಸ್ ಬೆಟ್ಟದ ಡೂಪ್ಲಿಕೇಟ್ ಒಂದಿದೆ, ಅದರ ಕ್ಯೂನಲ್ಲಿ ನಿಂತಿದ್ದೆ, ಮಗಳು ಹೆಗಲ ಮೇಲೆ, ಟೈಂಪಾಸಿಗೆ ಫೋನಲ್ಲಿ ಆ ಬೆಟ್ಟದ ಜಾತಕ ಓದ್ತಾ ಇದ್ದೆ. ಒಂದು ಕಾಲದಲ್ಲಿ ಅದರ ಹೊಟ್ಟೆಯೊಳಗಿಂದ ಬಕೆಟ್ಟುಗಳು ತೂಗಾಡ್ಕೊಂಡು ಹೋಗ್ತಿದ್ವಂತೆ. ಜನಾನ ಕೂರಿಸ್ಕೊಂಡು ಹೋಗೋ ರೋಪ್‌ವೇ, ಸ್ಕೈವೇ ಅಂತ ಹೆಸರು. 1956ರ ಜೂನ್ 23ಕ್ಕೆ ಶುರುವಾಗಿದ್ದು, ಪಾರ್ಕ್ ತೆರೆದು ಆಗಿನ್ನೂ ವರ್ಷ ತುಂಬಿರ್ಲಿಲ್ಲ. ವಾಲ್ಟ್ ಡಿಸ್ನಿ ಸ್ವಿಟ್ಜರ್ಲೆಂಡಿನ ಫಾನ್ ರೋಲ್ ಕಂಪನಿ ಹತ್ರ ತರಿಸಿದ್ದು. ದುಂಡನೆ ಬಕೆಟ್ಟು, ಒಂದೊಂದ್ರಲ್ಲಿ ಇಬ್ಬಿಬ್ರು. (ಬಕೆಟ್ ಹಿಡಿಯೋದ್ರಲ್ಲಿ ಡಾಕ್ಟರೇಟ್ ಮಾಡಿರೋ ನಮ್ಮ ರೂಮ್‌ಮೇಟ್ ಇದನ್ನ ಓದ್ತಿದ್ರೆ ನಮಸ್ಕಾರ.) ಆಗ ಬೆಟ್ಟ ಇರ್ಲೇ ಇಲ್ಲ, ಬರೀ ಮಣ್ಣುದಿಬ್ಬ, ಅದರ ಮೇಲೆ ರೋಪ್‌ವೇ ಕಂಬ. 1959ರಲ್ಲಿ ಕಂಬನ ಒಳಗೆ ಸೇರಿಸ್ಕೊಂಡು ಸುತ್ತ ಬೆಟ್ಟ ಕಟ್ಟಿದ್ರು, ಬಕೆಟ್ ದಾಟೋಕೆ ತೂತು ಬಿಟ್ರು. 1994ರ ನವೆಂಬರಲ್ಲಿ ಸ್ಕೈವೇ ನಿಂತೋಯ್ತು, ತೂತೂ ಮುಚ್ಚಿದ್ರು. ಇಂಥದೇ ಇನ್ನೊಂದನ್ನ 1964ರ ನ್ಯೂಯಾರ್ಕ್ ವಿಶ್ವಮೇಳ ಮುಗಿದ್ಮೇಲೆ ಬಿಚ್ಚಿ ನ್ಯೂಜೆರ್ಸಿಯ ಪಾರ್ಕಿಗೆ ಸಾಗಿಸಿದ್ರು, ದಸರಾ ಎಕ್ಸಿಬಿಷನ್ ಮುಗಿದ್ಮೇಲೆ ತೊಟ್ಟಿಲು ಬಿಚ್ಚಿ ಲಾರಿಗೆ ಹಾಕಲ್ವಾ, ಹಂಗೆ.

ಈಗ ಬಾಳೆಗೊನೆಗೆ ಬಂದೆ. ಹಗ್ಗಕ್ಕೆ ಕುರ್ಚಿ ಕಟ್ಟಿ ಜನಾನ ಗುಡ್ಡ ಹತ್ತಿಸೋ ಐಡಿಯಾ ಬಂದಿದ್ದು ಜೇಮ್ಸ್ ಕರನ್ ಅನ್ನೋ ರೈಲ್ವೆ ಇಂಜಿನಿಯರ್‌ಗೆ. ಯೂನಿಯನ್ ಪೆಸಿಫಿಕ್ ರೈಲ್ವೆಯವ್ರು ಐಡಾಹೋದ ಸನ್ ವ್ಯಾಲಿಯಲ್ಲಿ ಸ್ಕೀ ರೆಸಾರ್ಟ್ ಮಾಡ್ತಿದ್ರು, 1936. ಈತ ಮುಂಚೆ ಬಾಳೆಗೊನೆನ ಹಡಗಿಗೆ ಲೋಡ್ ಮಾಡೋ ವ್ಯವಸ್ಥೆಯಲ್ಲಿ ಕೆಲ್ಸ ಮಾಡಿದ್ದ. ಓಡೋ ಹಗ್ಗ, ಅದಕ್ಕೆ ಕೊಕ್ಕೆ, ಕೊಕ್ಕೆಗೆ ಗೊನೆ. ಕೊಕ್ಕೆ ತೆಗೆದು ಕುರ್ಚಿ ಹಾಕಿದ್ರೆ ಗೊನೆ ಜಾಗದಲ್ಲಿ ಮನುಷ್ಯ! ಎಷ್ಟು ಸ್ಪೀಡಲ್ಲಿ ಬಂದ್ರೆ ಜನ ಬೀಳದೆ ಕೂರ್ತಾರೆ ಅಂತ ನೋಡೋಕೆ ಟ್ರಕ್ ಪಕ್ಕಕ್ಕೆ ಕುರ್ಚಿ ಕಟ್ಟಿ, ರೋಲರ್ ಸ್ಕೇಟ್ ಹಾಕ್ಕೊಂಡು ನಿಂತಿದ್ದವ್ರನ್ನ ಹಿಂದಿನಿಂದ ಎತ್ತಾಕ್ಕೊಂಡು ಹೋಗಿ ಟೆಸ್ಟ್ ಮಾಡಿದಾರೆ ಕಣೋ. ಡಿಸ್ನಿಯ ಸ್ವಿಸ್ ಬಕೆಟ್ಟು ಇದಕ್ಕೆ ನೇರ ಮಗ ಅಲ್ಲ, ದಾಯಾದಿ ಅನ್ನಬಹುದು. ಅದ್ರಲ್ಲಿ ಇನ್ನೊಂದು ಜಾಣತನ ಇದೆ, ಹಗ್ಗ ನಿಲ್ಲೋದೇ ಇಲ್ಲ, ಸ್ಟೇಷನ್ ಬಂದಾಗ ಬಕೆಟ್ಟೇ ಹಿಡಿತ ಬಿಟ್ಟು ಕಂಬಿ ಮೇಲೆ ನಿಧಾನಕ್ಕೆ ಉರುಳುತ್ತೆ, ಜನ ಇಳಿದು ಹತ್ತಿದ್ಮೇಲೆ ಮತ್ತೆ ಹಗ್ಗ ಕಚ್ಕೊಳ್ಳುತ್ತೆ.

ಇದನ್ನ ಓದಿದ ತಕ್ಷಣ ನಿಮ್ಮಪ್ಪನಿಗೆ ಹೇಳ್ಬೇಕು ಅನ್ನಿಸ್ತು. ಮಂಡಿಯಲ್ಲಿ ತಕ್ಕಡಿ ಕೊಕ್ಕೆಗೆ ಗೊನೆ ಸಿಗಿಸಿ, "ತಿರುಗಿಸ್ಬೇಡ್ರೋ, ಕಾಯಿ ಗೀರ್ತವೆ" ಅಂತ ಬೈತಿದ್ರಲ್ಲ, ಅವ್ರು ಎಷ್ಟು ನಗ್ತಿದ್ರು. ಫೋನ್ ತೆಗೆದು ಅವ್ರ ನಂಬರ್ ತನಕ ಹೋದೆ.

ಅವತ್ತು ಅವ್ರ ಹನ್ನೊಂದನೇ ದಿನ ಕಣೋ.

ರಜೆ ಸಿಗ್ಲಿಲ್ಲ ಅಂದಿದ್ದೆ ನಿಂಗೆ. ಸಿಕ್ಕಿತ್ತು. ಆ ರಜೆಯಲ್ಲೇ ಕ್ಯೂನಲ್ಲಿ ನಿಂತಿದ್ದೆ. ಟಿಕೆಟ್ ತಗೊಂಡಾಗಿತ್ತು, ಮಗಳಿಗೆ ಮಾತು ಕೊಟ್ಟಾಗಿತ್ತು ಅಂತ ಹೇಳಬಹುದು, ಅದೂ ಪೂರ್ತಿ ನಿಜ ಅಲ್ಲ. ಮೊದಲ ಸಲ ವೀಸಾಗೆ ಹೊರಟಾಗ ಫೀಸಿಗೆ ಹನ್ನೆರಡು ಸಾವಿರ ನಿಮ್ಮಪ್ಪ ಕೊಟ್ಟಿದ್ರು, ಗಲ್ಲಾದಿಂದ, ಬಾಳೆಕಲೆ ಹತ್ತಿದ ನೋಟು, ಎರಡು ಸಲ ಎಣಿಸಿ. ಮಗನಿಗೂ ಹೇಳ್ಬೇಡ ಅಂದಿದ್ರು. ಹೇಳ್ಲಿಲ್ಲ, ವಾಪಸ್ಸೂ ಕೊಡ್ಲಿಲ್ಲ. ಇಲ್ಲಿ ಸಂಬಳ ಬಂದಾಗೆಲ್ಲ ನೆನಪಾಗೋದು, ಮುಂದಿನ ಸಲ ಊರಿಗೆ ಹೋದಾಗ ಕೈಯಲ್ಲೇ ಕೊಡೋಣ, ಜೊತೆಗೊಂದು ಒಳ್ಳೆ ಶರ್ಟ್ ಪೀಸ್ ತರೋಣ ಅಂದ್ಕೊಂಡು ಅಂದ್ಕೊಂಡೇ ಹನ್ನೊಂದು ವರ್ಷ. ತಿಥಿಗೆ ಬಂದು ನಿನ್ನ ಪಕ್ಕ ಎಲೆ ಮುಂದೆ ಕೂರೋಕೆ ಮುಖ ಇರ್ಲಿಲ್ಲ ಮಗಾ.

ಅಯ್ಯೋ, ರೋಪ್‌ವೇ ಬಗ್ಗೆ ಬರೆಯೋಕೆ ಕೂತಿದ್ದು ನಾನು. ಯಾರಿಗೂ ಹೇಳ್ಬೇಡ ಅಂದಿದ್ದನ್ನ ಫ್ರೆಂಡ್ಸ್ ಲಿಸ್ಟಿಗೆಲ್ಲ ಹೇಳಿದಂಗಾಯ್ತು, ಡಿಲೀಟ್ ಮಾಡೋಣ ಅಂದ್ರೆ ಇಷ್ಟುದ್ದ ಟೈಪ್ ಮಾಡಿದ ಬೆರಳು ನೋಯ್ತಿದೆ. ಬಡ್ಡಿ ಲೆಕ್ಕ ಹಾಕೋಕೆ ಕಾಂಪೌಂಡ್ ಸೀನನ್ನ ಕರಿ, ಅವ್ನು ಎಷ್ಟಂದ್ರೆ ಅಷ್ಟು. ಇಲ್ಲಾಂದ್ರೆ ಬೈಯೋಕಾದ್ರೂ ಫೋನ್ ಮಾಡು, ನಿಮ್ಮ ರಾತ್ರಿ ಒಂಬತ್ತರ ಮೇಲೆ ಎದ್ದಿರ್ತೀನಿ.

ಇಂತಿ ನಿನ್ನ,
ತಿರುಗಿಸಬಾರದ ಗೊನೆ